ನಿಮ್ಮ ಅಮ್ಮನ ದನಿ, ನನ್ನ ಬಾಣ

ಹೋದ ಭಾನುವಾರ ನೀವಿಬ್ಬರೂ ಫೋನಿನಲ್ಲಿ ಅಮ್ಮನ ಪಾಠಗಳನ್ನು ಹಾಕಿಕೊಂಡು ಕೂತಿದ್ದಿರಿ. ಹಳ್ಳಿಯ ಹಾಲಿನ ಡೈರಿಗಳ ಕಾರ್ಯದರ್ಶಿಗಳಿಗೆ ಕಂಪ್ಯೂಟರ್ ಕಲಿಸುವ ಪಾಠಗಳು ಅವು. ಮಕ್ಕಳು ನೋಡುವಂಥದ್ದು ಅದರಲ್ಲಿ ಏನೂ ಇಲ್ಲ. ಆ ದನಿ ಕೇಳುವುದಕ್ಕೆ ನೀವು ಆಗಾಗ ಹಾಕಿಕೊಳ್ಳುತ್ತೀರಿ ಎಂದು ನನಗೆ ಗೊತ್ತು. ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತೇನೆ.

ಅವತ್ತು ದೊಡ್ಡವಳು ನನ್ನನ್ನು ಕರೆದು ಕೇಳಿದಳು. "ಅಜ್ಜಿ, ಇಲ್ಲಿ ಬಾಣದ ಗುರುತು ಓಡಾಡುತ್ತಲ್ಲ, ಅದು ಅಮ್ಮನ ಕೈಯೇ ಅಲ್ವಾ?"

"ಅಲ್ಲ, ನಂದು" ಅಂದೆ.

ಇಬ್ಬರೂ ನಕ್ಕಿರಿ. "ಸುಳ್ಳು ಹೇಳ್ಬೇಡ ಅಜ್ಜಿ, ನಿಂಗೆ ಫೋನ್ ಎತ್ತೋಕೇ ಬರಲ್ಲ" ಅಂದ ಚಿಕ್ಕವನು. ನಾನೂ ನಕ್ಕು ಒಳಗೆ ಹೋದೆ. ಬಾಯಲ್ಲಿ ಹೇಳಲು ಹೊರಟರೆ ನನಗೆ ಮಾತು ಅರ್ಧಕ್ಕೆ ನಿಂತುಹೋಗುತ್ತದೆ. ಹೊಳಲೂರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತವಳು ನಾನು. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ ಉತ್ತರ ಗೊತ್ತಿದ್ದರೂ ಹೇಳುತ್ತಿರಲಿಲ್ಲ, ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೇ ಮಾಡುತ್ತಿದ್ದೇನೆ.

ನಿಮ್ಮ ಅಮ್ಮ ಮನೆಯಲ್ಲೇ ಕೂತು ಆ ಕೆಲಸ ಮಾಡುತ್ತಿದ್ದಳು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ ಡೈರಿಗಳಿಗೆ ಸಾಫ್ಟ್‌ವೇರ್ ಮಾರುತ್ತಿತ್ತು. ಯಾರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು ಬಂತು, ಯಾರು ಹೊಸ ಸದಸ್ಯರು, ಇದೆಲ್ಲ ಅದರಲ್ಲಿ ಇರುತ್ತಿತ್ತು. ಅದನ್ನು ಬಳಸುವುದು ಹೇಗೆ ಎಂದು ಕನ್ನಡದಲ್ಲಿ ತೋರಿಸಿಕೊಡುವ ಸಣ್ಣ ಸಣ್ಣ ವಿಡಿಯೋಗಳನ್ನು ಮಾಡುವುದು ಅವಳ ಕೆಲಸ. ಪರದೆಯ ಮೇಲೆ ನಡೆಯುವುದೆಲ್ಲ ಹಾಗೇ ರೆಕಾರ್ಡ್ ಆಗುತ್ತದೆ, ಅದರ ಜೊತೆಗೆ ಅವಳ ದನಿ. ಅವಳ ಮುಖ ಎಲ್ಲೂ ಬರುವುದಿಲ್ಲ. ನೋಡುವವರಿಗೆ ಕಾಣುವುದು ಬಾಣ ಮಾತ್ರ. ಅದಕ್ಕೆ ಕರ್ಸರ್ ಅನ್ನುತ್ತಾರಂತೆ, ನಾನು ಮಾತ್ರ ಮೊದಲಿನಿಂದಲೂ ಬಾಣ ಅಂತಲೇ ಹೇಳಿದ್ದು.

ಮೊದಲು ಹೋಗಿದ್ದು ಅವಳ ಬಲಗೈ. ಅನ್ನದ ಪಾತ್ರೆಯನ್ನು ಕೆಳಗಿಡುವಾಗ ಜಾರುತ್ತಿತ್ತು. ತೋರುಬೆರಳು ಅದರ ಪಾಡಿಗೆ ಅದು ಮಿಡುಕುತ್ತಿತ್ತು. ಒಂದು ಸಲ ಒತ್ತಬೇಕಾದ ಕಡೆ ಎರಡು ಸಲ ಒತ್ತಿಹೋಗುತ್ತಿತ್ತು. ಪರದೆಯ ಮೇಲೆ ಬಾಣ ನಿಲ್ಲದೆ ಅಲುಗಾಡುತ್ತಿತ್ತು. ಕಂಪನಿಯ ಮ್ಯಾನೇಜರ್ ಒಳ್ಳೆಯ ಮನುಷ್ಯ, ಫೋನಿನಲ್ಲಿ ನಗುತ್ತಲೇ ಹೇಳಿದರಂತೆ. "ಮೇಡಂ, ನಿಮ್ಮ ಕರ್ಸರ್ ಯಾಕೋ ಡಾನ್ಸ್ ಮಾಡ್ತಾ ಇದೆ."

"ಮೌಸ್ ಹಳೇದಾಗಿದೆ ಸಾರ್" ಅಂದಳಂತೆ ಇವಳು. ಹೊಸ ಮೌಸ್ ಬಂತು. ಆಮೇಲೆ ಅಂಗೈಗೆ ಆಸರೆ ಕೊಡುವ ದಿಂಬಿನಂಥದ್ದು ಬಂತು. ಆಮೇಲೆ ಅಲುಗಾಟವನ್ನು ತಾನೇ ಅಳಿಸಿ ಬಾಣವನ್ನು ನುಣುಪಾಗಿ ಓಡಿಸುವ ಒಂದು ಸಾಫ್ಟ್‌ವೇರನ್ನೂ ಹಾಕಿ ನೋಡಿದಳು. ಬಾಣವೇನೋ ನುಣುಪಾಯಿತು. ಆದರೆ ಬೆರಳು ಒತ್ತುತ್ತಿದ್ದದ್ದು ಪಕ್ಕದ ಬಟನ್ನನ್ನು. ಅದನ್ನು ಯಾವ ಸಾಫ್ಟ್‌ವೇರ್ ಸರಿಮಾಡುತ್ತದೆ?

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ನಿಮ್ಮ ಅಪ್ಪ ಕರೆದುಕೊಂಡು ಹೋದರು. ನರಗಳ ಕಾಯಿಲೆ ಅಂದರು. ಕೈಯಿಂದ ಶುರುವಾಗಿದೆ, ಕಾಲಿಗೆ ಬರುತ್ತದೆ, ನಾಲಿಗೆಗೆ ಬರುತ್ತದೆ, ಕಡೆಗೆ ಉಸಿರಿಗೆ. ನಿಧಾನ ಮಾಡುವ ಮಾತ್ರೆ ಇದೆ, ನಿಲ್ಲಿಸುವುದು ಇಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ನಾನು ಆಗ ಭದ್ರಾವತಿಯ ಹಳೇನಗರದ ಮನೆಯಲ್ಲಿದ್ದೆ. ನಿಮ್ಮ ತಾತ ತೀರಿಕೊಂಡ ಮೇಲೆ ಅಲ್ಲಿ ನಾನೊಬ್ಬಳೇ. "ಸುಮ್ನೆ ಚೆಕಪ್ ಅಮ್ಮ, ಸುಸ್ತಾಗಿತ್ತು" ಅಂತ ಫೋನಿನಲ್ಲಿ ಹೇಳಿದ್ದಳು.

ಒಂದು ದಿನ ಉಪ್ಪಿನಕಾಯಿ ಕೊಟ್ಟು ಬರೋಣವೆಂದು ಮುಕ್ಕಾಲು ಗಂಟೆಯ ಬಸ್ಸು ಹಿಡಿದು ವಿದ್ಯಾನಗರದ ಈ ಮನೆಗೆ ಬಂದೆ. ನೀವು ಶಾಲೆಗೆ ಹೋಗಿದ್ದಿರಿ. ಅವಳು ಕೋಣೆಯೊಳಗಿಂದಲೇ ಕೂಗಿದಳು. "ಅಮ್ಮ, ಒಂಚೂರು ಇಲ್ಲಿ ಬಾ. ಇದನ್ನ ಹಿಡ್ಕೋ."

ನಾನು ಹೊಸಿಲ ಹತ್ತಿರ ನಿಂತೆ. ಕಂಪ್ಯೂಟರ್ ಇದ್ದದ್ದು ಅವರಿಬ್ಬರು ಮಲಗುವ ಕೋಣೆಯಲ್ಲಿ, ರಸ್ತೆಯ ಸದ್ದು ಕಡಿಮೆ ಅಂತ. ಅಳಿಯನ ಮನೆಯಲ್ಲಿ ನಾನು ಆ ಕೋಣೆಗೆ ಕಾಲಿಟ್ಟವಳೇ ಅಲ್ಲ. ಅವರ ಬೈಕಿನ ಸದ್ದು ಕೇಳಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಅವರ ಎದುರು ಕುರ್ಚಿಯ ಮೇಲೆ ಕೂತದ್ದೂ ಇಲ್ಲ. ಅವರು ಎಂದೂ ಹಾಗೆ ಬಯಸಿದವರಲ್ಲ, ನನ್ನ ಸಂಕೋಚ ಅಷ್ಟೆ.

"ನಿಂತ್ಕೊಂಡು ನೋಡ್ತೀಯಲ್ಲ, ಬಾರೇ ಅಮ್ಮ. ಅವ್ರು ಅಂಗಡಿಗೆ ಹೋಗಿದ್ದಾರೆ."

"ಅಯ್ಯೋ, ನಂಗ್ಯಾಕೆ ಮಾರಾಯ್ತಿ ಅದು? ಏನಾದ್ರೂ ಕೆಟ್ಟುಹೋದ್ರೆ?"

"ಕೆಟ್ಟುಹೋಗಿರೋದು ನನ್ನ ಕೈ. ಇನ್ನೇನು ಕೆಡಬೇಕು?"

ಹಾಗೆ ಹೇಳಿ ಕೈ ಚಾಚಿದಳು. ಹೆಬ್ಬೆರಳಿನ ಬುಡದಲ್ಲಿ ಇರಬೇಕಾದ ಮಾಂಸ ಇರಲಿಲ್ಲ. ಚಿಕ್ಕ ಮಗುವಿದ್ದಾಗ ನಾನು ಎಣ್ಣೆ ಹಚ್ಚಿ ತೀಡಿದ ಕೈ ಅದು. ಆಗ ಎಲ್ಲ ಹೇಳಿದಳು, ಡಾಕ್ಟರು ಹೇಳಿದ ಕ್ರಮದಲ್ಲೇ. ನಾನು ಅಳುವುದಕ್ಕೆ ಶುರುಮಾಡಿದೆ. "ಅಮ್ಮ, ಆಮೇಲೆ ಅಳು. ಈಗ ಬಿಸಿಲು ಏರೋದ್ರೊಳಗೆ ಒಂದು ಪಾಠ ಮುಗಿಸ್ಬೇಕು, ತರಕಾರಿ ಗಾಡಿಯವನು ಬಂದ ಅಂದ್ರೆ ಮುಗೀತು" ಅಂದಳು.

ಅಳಿಯ ಕೂರುವ ಕುರ್ಚಿಯ ಮೇಲೆ ಹೀಗೆ ನಾನು ಮೊದಲ ಸಲ ಕೂತೆ.

ಆ ಮೊದಲ ದಿನಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಬಾಣವನ್ನು ಮೇಲಕ್ಕೆ ಕಳಿಸಬೇಕೆಂದರೆ ನಾನು ಮೌಸನ್ನೇ ಗಾಳಿಯಲ್ಲಿ ಮೇಲೆತ್ತುತ್ತಿದ್ದೆ. ಬಲಕ್ಕೆ ಹೋಗಬೇಕಾದರೆ ಇಡೀ ಮೈ ಬಲಕ್ಕೆ ವಾಲುತ್ತಿತ್ತು. "ಆಗುಂಬೆ ಘಾಟಿ ಇಳಿಸೋ ಡ್ರೈವರ್ ಥರ ವಾಲ್ತೀಯಲ್ಲೇ ಅಮ್ಮ" ಅಂತ ಅವಳು ನಗುತ್ತಿದ್ದಳು. ಬಾಣ ಪರದೆಯ ಅಂಚಿಗೆ ಹೋಗಿ ಕಾಣೆಯಾದರೆ ನಾನು ಮೇಜಿನ ಕೆಳಗೆ ಹುಡುಕುವವಳಂತೆ ಬಗ್ಗುತ್ತಿದ್ದೆ. ಅವಳು ಬಾಣದ ವೇಗ ಕಡಿಮೆ ಮಾಡಿಸಿದಳು, ಗಾತ್ರ ಹೆಚ್ಚಿಸಿದಳು, ಸುತ್ತ ಒಂದು ಹಳದಿ ಬಣ್ಣದ ಬೊಟ್ಟು ಬರುವ ಹಾಗೆ ಮಾಡಿದಳು. ನನ್ನ ಮುಂಗೈ ಕೆಳಗೆ ಹಳೆಯ ಸೀರೆಯ ತುಂಡು ಮಡಿಸಿ ಇಡಿಸಿದಳು.

ಅವಳು ಹೇಳಿಕೊಟ್ಟದ್ದು ಇಷ್ಟೇ: ನೋಡುವವರ ಕಣ್ಣು ಬಾಣದ ಹಿಂದೆಯೇ ಹೋಗುತ್ತದೆ. ಆದ್ದರಿಂದ ಕೆಲಸವಿಲ್ಲದಾಗ ಅದು ಮಿಸುಕಬಾರದು. ಖಾಲಿ ಜಾಗದಲ್ಲಿ ಸುಮ್ಮನೆ ಇರಬೇಕು. ಮಾತು ಮೊದಲು, ಬಾಣ ಆಮೇಲೆ. "ಡೈರಿ ಕಾರ್ಯದರ್ಶಿಗಳು ಒಂದು ಕೈಯಲ್ಲಿ ಫೋನ್ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಮಾಡ್ತಾರೆ. ನೀನು ಓಡಿದ್ರೆ ಅವ್ರು ಹಿಂದೆ ಬೀಳ್ತಾರೆ." ಗುಂಡಗೆ ಸುತ್ತಿಸಿ ತೋರಿಸಬಾರದು. ಬಟನ್ನಿನ ಮೇಲೆ ಕೂತರೆ ಅಕ್ಷರ ಮುಚ್ಚಿಹೋಗುತ್ತದೆ, ಅದಕ್ಕೆ ಅಂಚಿನಲ್ಲಿ ಕೆಳಗೆ ನಿಲ್ಲಿಸಬೇಕು. ನಿಂತು, ಒಂದು ಉಸಿರು ಬಿಟ್ಟು, ಒತ್ತಬೇಕು.

ಇದೆಲ್ಲ ಬೇಗ ಬಂತು. ಬಾರದೇ ಹೋದದ್ದು ಒಂದೇ. ನಾನು ಬಾಣವನ್ನು ನೇರವಾಗಿ ಕೊಂಡೊಯ್ಯುತ್ತಿರಲಿಲ್ಲ. ದಾರಿಯಲ್ಲಿ ಬರೆಹ ಸಿಕ್ಕರೆ ಅದರ ಪಕ್ಕದಿಂದ ಬಳಸಿಕೊಂಡು ಹೋಗುತ್ತಿದ್ದೆ. ಒಂದು ದಿನ ಅವಳಿಗೆ ಸಿಟ್ಟು ಬಂತು.

"ಇಲ್ಲಿಂದ ಇಲ್ಲಿಗೆ ಹೋಗೋಕೆ ಊರೆಲ್ಲ ಯಾಕೆ ಸುತ್ತುತ್ತೀಯ?"

"ಅಕ್ಷರ ಇದೆಯಲ್ಲೇ ದಾರೀಲಿ. ಅದ್ರ ಮೇಲೆ ಹಾಯ್ದು ಹೋಗೋದಾ?"

ಅವಳು ನನ್ನ ಮುಖ ನೋಡಿದಳು. ಪುಸ್ತಕ ದಾಟಿದರೆ, ಪೇಪರಿಗೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವುದನ್ನು ಅವಳಿಗೆ ನಾನೇ ಕಲಿಸಿದ್ದು. "ಅದು ಬಾಣ ಅಮ್ಮ, ಕಾಲಲ್ಲ" ಅಂದಳು ಮೆಲ್ಲಗೆ. "ಸರಸ್ವತಿಗೆ ನಾನು ಹೇಳ್ತೀನಿ ಬಿಡು. ನೇರ ಹೋಗು." ನೇರ ಹೋಗುವುದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು.

ಇನ್ನೊಂದು ಕಷ್ಟ ಬಂತು. ರೆಕಾರ್ಡಿಂಗ್ ನಡೆಯುವಾಗ ಅವಳು ನನಗೆ ಏನೂ ಹೇಳುವ ಹಾಗಿರಲಿಲ್ಲ. ಹೇಳಿದರೆ ಅದೂ ಪಾಠದೊಳಗೆ ಬರುತ್ತದೆ. ಕೈಯಲ್ಲಿ ತಟ್ಟೋಣವೆಂದರೆ ಬಲಗೈ ಏಳುವುದಿಲ್ಲ, ಎಡಗೈ ಏಳುವಷ್ಟರಲ್ಲಿ ಹೊತ್ತು ಮೀರುತ್ತದೆ. ಕೊನೆಗೆ ಮೇಜಿನ ಕೆಳಗೆ ತನ್ನ ಪಾದವನ್ನು ನನ್ನ ಪಾದದ ಮೇಲಿಟ್ಟಳು. ಒಮ್ಮೆ ಒತ್ತಿದರೆ ಹೊರಡು, ಎರಡು ಸಲ ಒತ್ತಿದರೆ ನಿಲ್ಲು. ಮೊದಲ ದಿನ ಪಾಠ ಮುಗಿದ ಕೂಡಲೇ ಎಡಗೈಯಿಂದ ನನ್ನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಾಯಿಗೆ ಕಾಲು ತಗುಲಿಸಿದ್ದಕ್ಕೆ. "ಕೆಲಸಕ್ಕೆ ಇಟ್ಟಿದ್ದು ಕಣೆ, ತಪ್ಪಿಲ್ಲ" ಅಂದರೂ ಕೇಳುತ್ತಿರಲಿಲ್ಲ. ಪ್ರತಿ ಪಾಠಕ್ಕೂ ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಸ್ವಲ್ಪ ಕಾಲದ ಮೇಲೆ ಎಡಗೈ ಕಣ್ಣಿನವರೆಗೆ ಬಾರದಾಯಿತು, ಗದ್ದದ ಹತ್ತಿರ ನಿಲ್ಲುತ್ತಿತ್ತು. ಆಮೇಲೆ ಅವಳು ನನ್ನ ಕಡೆ ನೋಡಿ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಅಷ್ಟೇ.

ನಾನು ಬೆಳಿಗ್ಗೆ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಸಂಜೆ ಅಳಿಯ ಬರುವುದರೊಳಗೆ ಹೊರಟುಬಿಡುತ್ತಿದ್ದೆ. ಹೊರಡುವಾಗ ಹಳೇನಗರದ ಪಕ್ಕದ ಮನೆಯ ತಮಿಳು ಹೆಂಗಸಿಗೆ ಬೀಗದ ಕೈ ಕೊಟ್ಟುಬರುವುದು. ಅವಳ ಗಂಡನೂ ನಿಮ್ಮ ತಾತನ ಜೊತೆ ಕಾರ್ಖಾನೆಯಲ್ಲಿದ್ದವನು. ಅವಳು ದಿನಾ ಬಾಗಿಲಲ್ಲಿ ನಿಂತು ಕೇಳುವಳು. "ಏನಕ್ಕಾ, ಈ ವಯಸ್ಸಲ್ಲಿ ಡೂಟಿ ಸಿಕ್ತಾ? ಯಾವ ಶಿಫ್ಟು?"

"ಜನರಲ್ ಶಿಫ್ಟು" ಅನ್ನುತ್ತಿದ್ದೆ.

"ನಮ್ಮೆಜಮಾನ್ರಿಗೂ ಒಂದು ಕೆಲಸ ಕೇಳಕ್ಕಾ, ಮನೇಲಿ ಕೂತು ತಲೆ ತಿಂತಾರೆ."

ಒಂದು ಸಂಜೆ ಅಳಿಯನೇ ಬೇಗ ಬಂದು ನನ್ನನ್ನು ಬಾಗಿಲಲ್ಲಿ ತಡೆದರು. ಅವರೂ ಹೆಚ್ಚು ಮಾತಿನವರಲ್ಲ. ಚಪ್ಪಲಿಯ ಕಡೆ ನೋಡಿಕೊಂಡು ಹೇಳಿದರು. "ಅತ್ತೆ, ಇನ್ಮೇಲೆ ಹೋಗ್ಬೇಡಿ. ರಾತ್ರಿ ಅವಳಿಗೆ ಮಗ್ಗುಲು ಬದಲಾಯಿಸೋಕೂ ಒಬ್ರು ಬೇಕು. ನಂಗೊಬ್ಬನಿಗೆ ಆಗ್ತಿಲ್ಲ." ಅವತ್ತಿನಿಂದ ನಾನು ಇಲ್ಲೇ ಉಳಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ, ಕಾಲಲ್ಲಿ ಇನ್ನೂ ಒಂಚೂರು ಬಲ ಇರುವಾಗಲೇ, ನಾಲಿಗೆಗೆ ಬಂತು. ಬೆಳಿಗ್ಗೆ ಎದ್ದಾಗ ದನಿ ಚೆನ್ನಾಗಿರುತ್ತಿತ್ತು. ಮಾತಾಡಿದಷ್ಟೂ ಭಾರವಾಗುತ್ತಾ ಬಂದು, ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ ಆಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಅವಳು ಮಾತಾಡುತ್ತಲೇ ಇರಲಿಲ್ಲ. ನಿಮಗೆ ನೆನಪಿರಬಹುದು, ಶಾಲೆಗೆ ಹೊರಡುವಾಗ ಅಮ್ಮ ಮಾತಾಡುವುದಿಲ್ಲ, ತಲೆ ಆಡಿಸುತ್ತಾಳೆ ಅಂತ ನೀವು ಮುನಿಸಿಕೊಳ್ಳುತ್ತಿದ್ದಿರಿ. ಅದು ನಿಮ್ಮ ಮೇಲಿನ ಕೋಪವಲ್ಲ. ಆ ದಿನದ ಪಾಠಕ್ಕೆ ದನಿಯನ್ನು ಉಳಿಸಿಕೊಳ್ಳುತ್ತಿದ್ದಳು.

ಕಂಪನಿಯವರಿಗೆ ಗೊತ್ತಾಯಿತು. ಮ್ಯಾನೇಜರ್ ಫೋನ್ ಮಾಡಿದರು. ಅವಳು ಸ್ಪೀಕರಿನಲ್ಲಿ ಇಡಿಸಿಕೊಂಡಿದ್ದರಿಂದ ನಾನೂ ಕೇಳಿದೆ.

"ಮೇಡಂ, ನೀವು ತೊಂದ್ರೆ ತಗೋಬೇಡಿ. ಈಗ ಕಂಪ್ಯೂಟರೇ ಕನ್ನಡ ಓದುತ್ತೆ, ನಮ್ಮಲ್ಲಿ ಬಂದಿದೆ. ಉಳಿದ ಪಾಠಗಳನ್ನ ಅದ್ರಲ್ಲೇ ಹಾಕಿಸ್ತೀವಿ."

"ಹಾಗಾದ್ರೆ ನಾನು ಮಾಡಿರೋವು?"

"ಅರ್ಧ ನಿಮ್ದು, ಅರ್ಧ ಮಷಿನ್‌ದು ಅಂದ್ರೆ ಕೇಳೋರಿಗೆ ಗೊಂದಲ ಆಗುತ್ತೆ. ಎಲ್ಲಾನೂ ಒಂದೇ ದನಿ ಮಾಡ್ಬೇಕಾಗುತ್ತೆ, ಮೇಡಂ."

"ಎಲ್ಲಾ ಮುಗಿಸಿ ಕೊಟ್ರೆ?"

"ಮುಗಿಸಿ ಕೊಟ್ರೆ ನಿಮ್ದೇ ಇರುತ್ತೆ. ಅದ್ರಲ್ಲಿ ಮಾತಿಲ್ಲ."

"ಒಂದೂ ಬಿಡಲ್ಲ ಸಾರ್" ಅಂದಳು.

ಫೋನ್ ಇಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. ಬಿಟ್ಟುಬಿಡು, ಆ ಇರುವಷ್ಟು ದನಿಯಲ್ಲಿ ಮಕ್ಕಳ ಜೊತೆ ಮಾತಾಡು, ಬೇಕಾದರೆ ಅವರಿಗೆ ಏನು ಹೇಳಬೇಕೋ ಫೋನಿನಲ್ಲಿ ಹೇಳಿ ಇಡು ಅಂದೆ. ಅವಳು ಸಿಟ್ಟಾದಳು.

"ಏನಂತ ಹೇಳಿ ಇಡ್ಲಿ? ಚೆನ್ನಾಗಿ ಓದಿ ಮಕ್ಳೇ, ಅಪ್ಪನ ಮಾತು ಕೇಳಿ ಅಂತಲಾ? ಸಾಯೋಳ ದನಿ ಅವ್ರಿಗೆ ಬೇಡ ಅಮ್ಮ. ಅದನ್ನ ಕೇಳಿದಾಗೆಲ್ಲ ಅಳ್ತಾರೆ. ಇದು ನಾನು ಕೆಲಸ ಮಾಡ್ತಿರೋ ದನಿ. ಯಾರಿಗೋ ಏನೋ ಕಲಿಸ್ತಿರೋ ದನಿ. ಇದು ಇರ್ಲಿ. ಒಂದು ಪಾಠ ತಪ್ಪಿದ್ರೂ ಎಲ್ಲಾ ಅಳಿಸಿಹಾಕ್ತಾರೆ, ಕೇಳಿಸ್ಕೊಂಡೆಯಲ್ಲ."

ಅದಾದ ಮೇಲೆ ನಾನು ಎದುರಾಡಲಿಲ್ಲ. ದಿನಕ್ಕೊಂದು ಪಾಠ, ಕೆಲವು ದಿನ ಒಂದು ಪಾಠದಲ್ಲಿ ಅರ್ಧ. ನಾಲಿಗೆ ತಿರುಗದ ಮಾತುಗಳನ್ನು ಬಿಟ್ಟು ಸುಲಭದ ಮಾತು ಹುಡುಕಿಕೊಳ್ಳುತ್ತಿದ್ದಳು. ವಾಕ್ಯ ಚಿಕ್ಕದಾಗುತ್ತಾ ಬಂತು. ವಾಕ್ಯ ಚಿಕ್ಕದಾದಾಗ ಅದರ ನಂತರದ ಮೌನವನ್ನು ಬಾಣ ತುಂಬಬೇಕು. ಅವಳು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ನಾನು ಬಾಣವನ್ನು ಇನ್ನಷ್ಟು ನಿಧಾನವಾಗಿ ಒಯ್ಯುತ್ತಿದ್ದೆ. ಆಗ ಅವಳು ದಣಿದು ನಿಂತದ್ದು ನೋಡುವವರಿಗೆ ತಿಳಿಯುತ್ತಿರಲಿಲ್ಲ, ಬಾಣ ತಲುಪಲೆಂದು ಕಾಯುತ್ತಿದ್ದಾಳೆ ಅನ್ನಿಸುತ್ತಿತ್ತು.

ಹೀಗೆ ಕೊನೆಯ ಪಾಠಕ್ಕೆ ಬಂದೆವು. ತೀರಿಕೊಂಡ ಸದಸ್ಯರ ಹೆಸರನ್ನು ತೆಗೆದು ಅವರ ಷೇರನ್ನು ವಾರಸುದಾರರಿಗೆ ಕೊಡುವ ಪಾಠ ಅದು. ಡೈರಿ ಅಂದಮೇಲೆ ಸದಸ್ಯರು ಸಾಯುತ್ತಾರೆ, ಅದನ್ನೂ ಕಲಿಸಬೇಕು.

ಅವಳು ಪರದೆಯ ಮೇಲೆ ಸದಸ್ಯರ ಪಟ್ಟಿ ತೆರೆಸಿದಳು. ಪಾಠಕ್ಕೆಂದು ಮಾಡಿಕೊಂಡ ಡೈರಿ ಅದು, ನಿಜವಾದದ್ದಲ್ಲ. ಅದರಲ್ಲಿ ನಮ್ಮ ಮನೆಯವರ ಹೆಸರುಗಳೇ ಇದ್ದವು, ನಿಮ್ಮ ಅಪ್ಪನದು, ನನ್ನದು, ಅವಳ ನಾದಿನಿಯರದು. ಹಿಂದೊಮ್ಮೆ ಅವಳು ಬಾಯಿಗೆ ಬಂದ ಹೆಸರು ಹಾಕಿ ಒಂದು ಪಾಠ ಮಾಡಿದ್ದಳಂತೆ. ಯಾವುದೋ ಹಳ್ಳಿಯಲ್ಲಿ ಅದೇ ಹೆಸರಿನವನೊಬ್ಬ, ನಾನು ಹಾಲಿಗೆ ನೀರು ಬೆರೆಸಿದೆ ಅಂತ ಊರಿಗೆಲ್ಲ ತೋರಿಸಿದ್ದೀರಿ ಎಂದು ಜಗಳಕ್ಕೆ ಬಂದಿದ್ದ. ಅದಾದ ಮೇಲೆ ಮನೆಯವರ ಹೆಸರು ಬಿಟ್ಟು ಬೇರೆ ಹಾಕುತ್ತಿರಲಿಲ್ಲ.

ಬಾಣ ಹೋಗಬೇಕಾದ ಸಾಲನ್ನು ಅವಳು ಗದ್ದದಿಂದ ತೋರಿಸಿದಳು. ನಾನು ಓದಿದೆ. ಅವಳದೇ ಹೆಸರು.

"ಇದ್ಯಾಕೆ?" ಅಂದೆ.

"ಪಟ್ಟಿ ಮಾಡುವಾಗ ನಾನು ಚೆನ್ನಾಗಿದ್ದೆ ಅಮ್ಮ. ಸತ್ತೋರ ಪಾಠಕ್ಕೆ ಯಾರನ್ನ ಇಡ್ಲಿ ಅಂತ ಕೇಳ್ದೆ. ಇವ್ರು, ನನ್ ಹೆಸರು ಹಾಕು ಅಂದ್ರು. ಬಾಯಿ ಮುಚ್ಚಿ ಅಂದೆ. ನಿನ್ ಹೆಸರು ಹಾಕೋಕೆ ಮನಸ್ಸು ಬರ್ಲಿಲ್ಲ. ನಾದಿನಿಯರ ಹೆಸರು ಹಾಕಿದ್ರೆ ಜನ್ಮ ಪೂರ್ತಿ ಅದನ್ನೇ ಹೇಳ್ತಾರೆ."

"ನಿಮ್ಮಪ್ಪನ ಹೆಸರು ಹಾಕಬಹುದಿತ್ತಲ್ಲ. ಅವ್ರು ಹೋಗಿದ್ರಲ್ಲ."

"ಅಪ್ಪ ಹೋಗಿ ವರ್ಷ ತುಂಬಿರ್ಲಿಲ್ಲ ಅಮ್ಮ. ಇನ್ನೊಂದ್ಸಲ ಯಾಕೆ ಸಾಯಿಸ್ಲಿ ಅನ್ನಿಸ್ತು. ಉಳಿದಿದ್ದು ನಾನು. ನಗ್ತಾ ನಗ್ತಾ ಹಾಕ್ಕೊಂಡೆ."

ಬದಲಾಯಿಸು ಅಂದೆ. ಆಗುವುದಿಲ್ಲ ಅಂದಳು. ಹಿಂದಿನ ಪಾಠಗಳಲ್ಲಿ ಆ ಹೆಸರಿನ ಸದಸ್ಯೆಯೇ ಹಾಲು ಹಾಕಿದ್ದಳು, ಷೇರು ತೆಗೆದುಕೊಂಡಿದ್ದಳು, ವಾರಸುದಾರರನ್ನು ಬರೆಸಿದ್ದಳು. ಅದನ್ನು ಬದಲಾಯಿಸಿದರೆ ಆ ಪಾಠಗಳನ್ನೆಲ್ಲ ಮತ್ತೆ ಹೇಳಬೇಕು. ಅಷ್ಟು ದನಿ ಎಲ್ಲಿತ್ತು?

"ಶುರು ಮಾಡೋಣ" ಅಂದಳು.

ಅವಳು ಹೇಳತೊಡಗಿದಳು. ತೀರಿಕೊಂಡ ಸದಸ್ಯರ ಹೆಸರನ್ನು ಪಟ್ಟಿಯಲ್ಲಿ ಹುಡುಕಿ. ಅವಳ ಪಾದ ನನ್ನ ಪಾದವನ್ನು ಒತ್ತಿತು. ನಾನು ಹೊರಟೆ. ಅರ್ಧ ದಾರಿಯಲ್ಲಿ ಕೈ ನಿಂತಿತು. ಪಾದ ಮತ್ತೆ ಒತ್ತಿತು. ಬಾಣ ಅಲ್ಲೇ ಇತ್ತು. ಮಾತು ಮುಂದೆ ಹೋಯಿತು, ಬಾಣ ಹೋಗಲಿಲ್ಲ.

ಅವಳು ನಿಲ್ಲಿಸಿದಳು. ಸ್ವಲ್ಪ ನೀರು ಕುಡಿಸು ಎಂದು ಸನ್ನೆ ಮಾಡಿದಳು. ಚಮಚದಲ್ಲಿ ಕುಡಿಸಿದೆ. ಮತ್ತೆ ಮೊದಲಿನಿಂದ ಹೇಳಿದಳು. ಈ ಸಲ ಬಾಣ ಹೊರಟಿತು, ನೇರವಾಗಿಯೇ ಹೋಯಿತು. ಆದರೆ ಅವಳ ಹೆಸರಿನ ಕೆಳಗಿನ ಸಾಲಿಗೆ ಹೋಯಿತು. ಅದು ನನ್ನ ಹೆಸರು. ನಿಲ್ಲಿಸಿ, ಉಸಿರು ಬಿಟ್ಟು, ಒತ್ತಿದೆ. ಯೋಚಿಸಿ ಮಾಡಿದ್ದಲ್ಲ, ಹಾಗಂತ ಕೈ ತಪ್ಪಿದ್ದೂ ಅಲ್ಲ.

"ಅದು ನಿನ್ನ ಹೆಸರು" ಅಂದಳು.

"ಹೌದು. ನಂದೇ ಇರ್ಲಿ. ನಾನು ಮುದುಕಿ. ವರಸೆ ಪ್ರಕಾರ ನಾನೇ ತಾನೇ ಮೊದ್ಲು?"

"ಅಮ್ಮ, ನನ್ನ ವಾರಸುದಾರಳು ಅಂತ ಬರೆಸಿರೋದೂ ನಿನ್ನನ್ನೇ. ಮಕ್ಕಳು ಚಿಕ್ಕೋರು ಅಂತ ಆ ಪಾಠದಲ್ಲಿ ನಿನ್ ಹೆಸರು ಹಾಕ್ಸಿದ್ದೆ. ನೀನೇ ಸತ್ತು ನೀನೇ ಬಂದು ಷೇರು ತಗೋತೀಯಾ? ಯಾವ ಡೈರೀಲಿ ಒಪ್ತಾರೆ?"

ಹೇಳಿ ನಕ್ಕಳು. ನಗು ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಾಯಿತು. ಬೆನ್ನು ಸವರುತ್ತ ನಿಂತೆ. ಕೆಮ್ಮು ನಿಂತ ಮೇಲೆ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಈಗ ದನಿ ಇದೆ. ಇನ್ನೊಂಚೂರು ಹೊತ್ತಿಗೆ ಇರಲ್ಲ. ನಾಳೆ ಬೆಳಿಗ್ಗೆ ಇರುತ್ತೋ ಇಲ್ವೋ ಗೊತ್ತಿಲ್ಲ. ನನ್ ಕೈ ಇದ್ದಿದ್ರೆ ನಾನೇ ಒತ್ತಿರ್ತಿದ್ದೆ, ನಿನ್ನ ಕೇಳ್ತಿರ್ಲಿಲ್ಲ. ನೀನು ಒತ್ತಿದ್ರೂ ಒತ್ತದಿದ್ರೂ ನಂಗೆ ಆಗೋದು ಆಗುತ್ತೆ. ಆದ್ರೆ ನೀನು ಒತ್ತದಿದ್ರೆ ಇದೂ ಹೋಗುತ್ತೆ."

ಅವಳಿಗೆ ಸಂಕಟವೇ ಇರಲಿಲ್ಲ ಅಂದುಕೊಳ್ಳಬೇಡಿ. ಅವಳ ಪಾದ ನನ್ನ ಪಾದದ ಮೇಲೆ ತಣ್ಣಗೆ ಇತ್ತು.

ಮೂರನೆಯ ಸಲ ಮಾಡಿದೆ. ಬಾಣ ಅವಳ ಹೆಸರಿನ ಅಂಚಿಗೆ ಹೋಗಿ ನಿಂತಿತು. ಒತ್ತಿದೆ. ಒಂದು ಸಣ್ಣ ಪೆಟ್ಟಿಗೆ ತೆರೆಯಿತು, ಅದರಲ್ಲಿ ಮರಣ ಎಂಬ ಕಡೆ ಗುರುತು ಹಾಕಿದೆ. ಅವಳ ಹೆಸರಿನ ಸಾಲು ಕಪ್ಪಿನಿಂದ ಬೂದು ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ವಿದ್ಯಾನಗರದ ಮೇಲ್ಸೇತುವೆಯ ಕೆಳಗೆ ರೈಲು ಬಂತು. ಉದ್ದಕ್ಕೆ ಸಿಳ್ಳೆ ಹಾಕಿಕೊಂಡೇ ಹೋಯಿತು. ಅವಳ ಮಾತು ಅದರಲ್ಲಿ ಮುಳುಗಿತು.

ನಾವಿಬ್ಬರೂ ರೈಲು ದಾಟುವವರೆಗೆ ಕಾದೆವು. ಪರದೆಯ ಮೇಲೆ ಅವಳ ಹೆಸರು ಬೂದಿಯ ಬಣ್ಣದಲ್ಲಿತ್ತು.

"ಹಳೇ ಕಾಪಿ ತೆಗಿ" ಅಂದಳು. ಪಾಠ ಕೆಟ್ಟರೆ ಪಟ್ಟಿಯನ್ನು ಮೊದಲಿನ ಹಾಗೆ ಮಾಡಿಕೊಳ್ಳಲು ಒಂದು ಪ್ರತಿ ಇಟ್ಟಿರುತ್ತಿದ್ದಳು. ಎಲ್ಲಿ ಒತ್ತಬೇಕೆಂದು ಹೇಳಿದಳು, ಒತ್ತಿದೆ. ಅವಳ ಹೆಸರು ಮತ್ತೆ ಕಪ್ಪಾಯಿತು.

"ನೋಡು, ಎದ್ದು ಬಂದೆ" ಅಂದಳು.

ನನಗೆ ಆಗ ಆದ ಸಮಾಧಾನವನ್ನು ಹೇಗೆ ಬರೆಯಲಿ? ಕಂಪ್ಯೂಟರಿನಲ್ಲಿ ಬಣ್ಣ ಬದಲಾದದ್ದು ಅಷ್ಟೇ ಎಂದು ನನಗೂ ಗೊತ್ತಿತ್ತು. ಆದರೂ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿದ ಹಾಗಾಯಿತು. ಹಾಗೆಯೇ ಬಿಟ್ಟುಬಿಡೋಣ, ಇವತ್ತಿಗೆ ಸಾಕು ಅನ್ನಲು ಬಾಯಿ ತೆರೆದೆ. ಅವಳು ನೀರನ್ನೂ ಕೇಳದೆ ಪಾಠ ಶುರುಮಾಡಿಬಿಟ್ಟಿದ್ದಳು.

ದನಿ ಆಗಲೇ ಭಾರವಾಗುತ್ತಿತ್ತು. ಹಾಲಿನ ಫ್ಯಾಟ್ ನೋಡುವುದನ್ನು ಯಾವ ದನಿಯಲ್ಲಿ ಕಲಿಸಿದ್ದಳೋ ಅದೇ ದನಿಯಲ್ಲಿ ಹೇಳುತ್ತಿದ್ದಳು. ಹೆಸರನ್ನು ಹುಡುಕಿ. ಪಾದ ಒತ್ತಿತು. ಬಾಣ ಮೂಲೆಯಿಂದ ಹೊರಟು, ಮನೆಯವರೆಲ್ಲರ ಹೆಸರುಗಳ ಮೇಲೆ ಹಾಯ್ದು, ನೇರವಾಗಿ ಹೋಗಿ, ಅವಳ ಹೆಸರಿನ ಕೆಳಗೆ ನಿಂತಿತು. ಹೆಸರಿನ ಒಂದು ಅಕ್ಷರವೂ ಮುಚ್ಚಲಿಲ್ಲ. ಒಂದು ಉಸಿರು ಬಿಟ್ಟೆ. ಒತ್ತಿದೆ. ಮರಣದ ಗುರುತು ಹಾಕಿದೆ. ಸಾಲು ಬೂದು ಬಣ್ಣವಾಯಿತು. ವಾರಸುದಾರರನ್ನು ಒತ್ತಿ ಅಂದಳು, ಆ ಮಾತು ಎರಡು ತುಂಡಾಗಿ ಬಂತು. ಎರಡನೇ ತುಂಡು ಬರುವವರೆಗೆ ಬಾಣವನ್ನು ಎಳೆದೆಳೆದು ನನ್ನ ಹೆಸರಿನವರೆಗೆ ತಂದೆ. ಒತ್ತಿದೆ. ಉಳಿಸಿ ಎಂಬಲ್ಲಿ ಒತ್ತಿದೆ. ಬಾಣವನ್ನು ಖಾಲಿ ಜಾಗಕ್ಕೆ ತಂದು ಬಿಟ್ಟೆ. ಅವಳು ನಮಸ್ಕಾರ ಹೇಳಿದಳು. ಆ ಕೊನೆಯ ಮಾತು ಅಷ್ಟು ಸ್ಪಷ್ಟವಿಲ್ಲ. ನೀವು ಕಿವಿಗೊಟ್ಟು ಕೇಳಿದರೆ ತಿಳಿಯುತ್ತದೆ.

ಅದೇ ದಿನ ಕಳಿಸಿದೆವು.

ವಾರದ ಒಳಗೆ ಆ ಮ್ಯಾನೇಜರ್ ಫೋನ್ ಮಾಡಿದರು. ಅಷ್ಟು ಹೊತ್ತಿಗೆ ಅವಳ ಮಾತು ನನಗೆ, ನಿಮ್ಮ ಅಪ್ಪನಿಗೆ, ನಿಮಗೆ ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಗುರುತಿಲ್ಲದ ಗಂಡಸರ ಜೊತೆ ಫೋನಿನಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಹಸಿರು ಗುಂಡಿಯನ್ನು ಎಳೆದು ಫೋನನ್ನು ಅವಳ ಕಿವಿಗೆ ಹಿಡಿದೆ. ಅವರ ಮಾತು ನನಗೂ ಕೇಳುತ್ತಿತ್ತು. ಎಲ್ಲ ಪಾಠಗಳೂ ಸರಿಯಾಗಿವೆ, ಒಂದನ್ನೂ ಬದಲಾಯಿಸುವುದಿಲ್ಲ, ಎಲ್ಲ ಡೈರಿಗಳಿಗೂ ಇವೇ ಹೋಗುತ್ತವೆ ಅಂದರು. ಕರ್ಸರ್ ಈಗ ತುಂಬ ಚೆನ್ನಾಗಿ ಬಂದಿದೆ ಅಂತಲೂ ಅಂದರು. ಅವಳು ನನ್ನ ಕಡೆ ನೋಡಿದಳು. ಏನೋ ಹೇಳಲು ಹೋದಳು, ಗಾಳಿ ಮಾತ್ರ ಬಂತು.

"ಹಲೋ? ಮೇಡಂ, ಲೈನಲ್ಲಿ ಇದ್ದೀರಾ?" ಅಂದರು ಅವರು.

ಅವಳ ಕಣ್ಣು ನನ್ನ ಮೇಲೆಯೇ ಇತ್ತು. ನಾನು ಫೋನನ್ನು ಬಾಯಿಯ ಹತ್ತಿರ ತಂದುಕೊಂಡೆ.

"ಇದ್ದಾಳೆ ಸಾರ್" ಅಂದೆ. "ಕೇಳಿಸ್ಕೊಳ್ತಿದ್ದಾಳೆ."